ಪ್ರಾಸ್ಟೇಟ್ ಕ್ಯಾನ್ಸರ್: ಸಂಕೋಚ ಬಿಡೋಣ, ಸಕಾಲದಲ್ಲಿ ಅರಿಯೋಣ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥

(ಶ್ರೀಮಠದ ಚೆನ್ನೈ ಶಾಖೆಯಲ್ಲಿ ಆರಾಧನಾ ಮಹೋತ್ಸವದ ಸಂದರ್ಭದಲ್ಲಿ ನೀಡಲಾದ ಉಪನ್ಯಾಸದ ಲಿಖಿತ ರೂಪ)

 

ಮಠದ ವೇದಿಕೆಯಲ್ಲಿ ಶ್ರೀಮದಾಚಾರ್ಯರ ಗ್ರಂಥಗಳನ್ನು ಕುರಿತು, ಹರಿದಾಸರ ಸಾಹಿತ್ಯವನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ಅಂತಹ ಪವಿತ್ರ ಸ್ಥಳದಲ್ಲಿ ಗಂಡಸರ ಮೂತ್ರಕೋಶದ ಕೆಳಗಿರುವ ಒಂದು ಗ್ರಂಥಿಯ ರೋಗವನ್ನು ಕುರಿತು ಮಾತನಾಡುವುದು ಕೆಲವರಿಗೆ ಅನುಚಿತವೆನಿಸಬಹುದು. ಆದರೆ ಅನುಚಿತವೆಂಬ ಈ ಭಾವನೆಯೇ ಇಂದಿನ ವಿಷಯದ ಅರ್ಧ ಭಾಗವಾಗಿದೆ. ರೋಗವು ದೇಹದೊಳಗೆ ಮೌನವಾಗಿ ಬೆಳೆಯುತ್ತದೆ. ರೋಗಿಯು ಸಂಕೋಚದಿಂದ ಮೌನವಾಗಿರುತ್ತಾನೆ. ಈ ಎರಡು ಮೌನಗಳು ಒಂದಾದಾಗ ಗುಣವಾಗಬಹುದಾಗಿದ್ದ ರೋಗವು ಪ್ರಾಣಾಂತಿಕವಾಗುತ್ತದೆ.

ನಮ್ಮ ಮನೆಗಳಲ್ಲಿ ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಪೂರ್ತಿ, ಎಪ್ಪತ್ತು ತುಂಬಿದವರಿಗೆ ಭೀಮರಥ ಶಾಂತಿ, ಎಂಬತ್ತು ದಾಟಿದವರಿಗೆ ಸಹಸ್ರಚಂದ್ರದರ್ಶನ ಶಾಂತಿಯನ್ನು ಮಕ್ಕಳು ಭಕ್ತಿಯಿಂದ ಮಾಡಿಸುತ್ತಾರೆ. ಆಯುಷ್ಯಹೋಮ, ಕಲಶಸ್ನಾನ, ದಾನ, ಸಂತರ್ಪಣೆ ಎಲ್ಲವೂ ಸಾಂಗವಾಗಿ ನೆರವೇರುತ್ತವೆ. ಇವೆಲ್ಲದರ ಉದ್ದೇಶ ಹಿರಿಯರ ಆಯುರಾರೋಗ್ಯ. ಹೀಗಿರುವಾಗ ಅದೇ ಹಿರಿಯರ ರಕ್ತದ ಒಂದು ಸರಳ ಪರೀಕ್ಷೆಯನ್ನು ಕುರಿತು ಯಾರೂ ಯೋಚಿಸದೆ ಇರುವುದು ವಿಚಿತ್ರವೇ ಸರಿ.

ಗ್ರಂಥಿ ಒಂದು, ತೊಂದರೆ ಎರಡು

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಕನ್ನಡದ ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ಪುರಸ್ಥ ಗ್ರಂಥಿ ಎಂಬ ಹೆಸರುಂಟು. ಇದು ಮೂತ್ರಕೋಶದ ಕೆಳಗೆ, ಗುದನಾಳದ ಮುಂಭಾಗದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕುಳಿತಿದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ, ಗಾತ್ರ ಒಂದು ಅಕ್ರೋಟ್ ಕಾಯಿಯಷ್ಟು. ವಯಸ್ಸಾದಂತೆ ಈ ಗ್ರಂಥಿಗೆ ಮುಖ್ಯವಾಗಿ ಎರಡು ಬಗೆಯ ತೊಂದರೆಗಳು ಬರುತ್ತವೆ. ಜನರು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಬಹಳಷ್ಟು ಅನರ್ಥವಾಗುತ್ತಿದೆ.

ಮೊದಲನೆಯದು ಗ್ರಂಥಿಯ ಸಾಮಾನ್ಯ ಊತ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಅರವತ್ತು ದಾಟಿದ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಸ್ವಲ್ಪವಾದರೂ ಇರುತ್ತದೆ. ಈ ಊತವು ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳದ ಸುತ್ತಲೇ ಆರಂಭವಾಗುವುದರಿಂದ ನಾಳವನ್ನು ಬೇಗನೆ ಒತ್ತುತ್ತದೆ. ರಾತ್ರಿ ಪದೇಪದೇ ಏಳಬೇಕಾಗುವುದು, ಧಾರೆ ಸಣ್ಣದಾಗುವುದು, ತಡೆದು ತಡೆದು ಬರುವುದು, ಪೂರ್ತಿಯಾಗಿ ಆಗಲಿಲ್ಲವೆಂಬ ಭಾವನೆ, ಇವು ಇದರ ಲಕ್ಷಣಗಳು.

ಎರಡನೆಯದು ಕ್ಯಾನ್ಸರ್. ಇದು ಬಹುಪಾಲು ಗ್ರಂಥಿಯ ಹಿಂಭಾಗದ ಹೊರವಲಯದಲ್ಲಿ, ಮೂತ್ರನಾಳದಿಂದ ದೂರದಲ್ಲಿ ಹುಟ್ಟುತ್ತದೆ. ಆದುದರಿಂದ ಅದು ಚಿಕ್ಕದಾಗಿರುವಾಗ ನಾಳವನ್ನು ಒತ್ತುವುದಿಲ್ಲ, ನೋವು ಕೊಡುವುದಿಲ್ಲ, ಯಾವ ಸೂಚನೆಯನ್ನೂ ನೀಡುವುದಿಲ್ಲ. ಬೆಳೆದು ಗ್ರಂಥಿಯ ಹೊರಕ್ಕೆ ದಾಟಿದ ಮೇಲೆ ಅದು ಸೊಂಟದ, ಬೆನ್ನುಹುರಿಯ ಸುತ್ತಲಿನ ಮೂಳೆಗಳಿಗೆ ಹಬ್ಬುತ್ತದೆ. ಆಗ ಬೆನ್ನುನೋವು, ತೂಕ ಇಳಿಯುವುದು, ಮೂತ್ರದಲ್ಲಿ ರಕ್ತ, ಕೆಲವೊಮ್ಮೆ ಕಾಲುಗಳಲ್ಲಿ ಶಕ್ತಿ ಕುಂದುವುದು ಕಾಣಿಸಿಕೊಳ್ಳುತ್ತವೆ. ಸಾರಾಂಶವಿಷ್ಟೇ: ಮೂತ್ರದ ತೊಂದರೆಯಿರುವ ಎಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ತೊಂದರೆಯೇ ಇಲ್ಲದವರಿಗೆ ಕ್ಯಾನ್ಸರ್ ಇಲ್ಲವೆಂದೂ ಹೇಳಲಾಗದು.

ಹೊಳೆಯುವ ಹಳಿಯ ಒಳಗಿನ ಬಿರುಕು

ರೈಲ್ವೆಯಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಗಾಡಿಗಳ ಓಡಾಟದಿಂದ ಹಳಿಯ ಮೇಲ್ಮೈ ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ನೋಡುವವರ ಕಣ್ಣಿಗೆ ಯಾವ ದೋಷವೂ ಕಾಣದು. ಆದರೆ ಉಕ್ಕಿನ ಒಳಗೆ ಕೂದಲೆಳೆಯಷ್ಟು ಬಿರುಕು ಹುಟ್ಟಿ, ದಿನದಿನಕ್ಕೂ ಬೆಳೆದು, ಒಂದು ಚಳಿಗಾಲದ ನಸುಕಿನಲ್ಲಿ ಹಳಿಯೇ ತುಂಡಾಗಬಹುದು. ಆದುದರಿಂದಲೇ ಭಾರತೀಯ ರೈಲ್ವೆಯು ಹಳಿ ಒಡೆಯುವವರೆಗೆ ಕಾಯುವುದಿಲ್ಲ. ಶ್ರವಣಾತೀತ ಧ್ವನಿತರಂಗಗಳನ್ನು ಹಳಿಯೊಳಗೆ ಕಳುಹಿಸಿ ಬಿರುಕನ್ನು ಹುಡುಕುತ್ತದೆ. ಹಳಿಯ ಮೇಲೆ ಎಷ್ಟು ಭಾರ ಸಾಗಿದೆ ಎಂಬ ಲೆಕ್ಕದ ಮೇಲೆ ಈ ಪರೀಕ್ಷೆಯ ಅವಧಿ ನಿಗದಿಯಾಗುತ್ತದೆ. ಹೆಚ್ಚು ಭಾರ ಹೊತ್ತ ಹಳಿಗೆ ಬೇಗಬೇಗನೆ ಪರೀಕ್ಷೆ. ದೋಷ ಸಿಕ್ಕಿತೆಂದ ಮಾತ್ರಕ್ಕೆ ಎಲ್ಲ ಹಳಿಗಳನ್ನೂ ಕಿತ್ತೊಗೆಯುವುದಿಲ್ಲ. ಕೆಲವನ್ನು ಗುರುತು ಹಾಕಿ ಗಮನಿಸುತ್ತಾರೆ, ಕೆಲವನ್ನು ಕೂಡಲೇ ಬದಲಿಸುತ್ತಾರೆ.

ಮನುಷ್ಯನ ದೇಹದ ಮೇಲೆ ಸಾಗಿದ ಭಾರವೆಂದರೆ ವಯಸ್ಸು. ಐವತ್ತು ವರ್ಷ ಓಡಿದ ದೇಹಕ್ಕೂ ಇಂತಹುದೊಂದು ನಿಯಮಿತ ಪರೀಕ್ಷೆ ಬೇಕು.

ಒಂದು ಮನೆಯ ಕಥೆ

ಮಾಂಬಲಂ ಅಥವಾ ತಿರುವಲ್ಲಿಕೇಣಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ಅನೇಕರ ಮನೆಯಲ್ಲಿ ನಡೆಯಬಹುದಾದ ಕಥೆ. ಮನೆಯ ಹಿರಿಯರಿಗೆ ಅರವತ್ತಾರು ವರ್ಷ. ಬೆಳಗಿನ ಜಾವ ಎದ್ದು ಸ್ನಾನ, ಸಂಧ್ಯಾವಂದನೆ, ದೇವರಪೂಜೆ. ಮದ್ಯ, ತಂಬಾಕು, ಮಾಂಸ ಯಾವುದೂ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಏಕಾದಶಿಯ ಉಪವಾಸ, ಚಾತುರ್ಮಾಸ್ಯದ ವ್ರತ ಎಲ್ಲವೂ ತಪ್ಪದೆ ನಡೆಯುತ್ತವೆ. ಈಚೆಗೆ ಜಪಕ್ಕೆ ಕುಳಿತರೆ ನಡುವೆ ಏಳಬೇಕಾಗುತ್ತಿದೆ. ಎದ್ದರೆ ಮತ್ತೆ ಕೈಕಾಲು ತೊಳೆದು ಆಚಮನ ಮಾಡಬೇಕು. ಆದುದರಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಪ್ರವಚನಕ್ಕೆ ಬಂದರೆ ಬಾಗಿಲ ಬಳಿಯೇ ಕುಳಿತರು. ಹೆಂಡತಿ ಕೇಳಿದರೆ “ವಯಸ್ಸಾಯಿತಲ್ಲ, ಇದ್ದದ್ದೇ” ಎಂದರು. ಮಗನಿಗೆ ಹೇಳಲು ಮುಜುಗರ, ಸೊಸೆಗೆ ತಿಳಿದರೆ ಇನ್ನೂ ಮುಜುಗರ. ಎರಡು ವರ್ಷ ಕಳೆಯಿತು. ಬೆನ್ನುನೋವು ಬಂದಾಗ ತೈಲ ಹಚ್ಚಿಸಿಕೊಂಡರು. ನೋವು ಇಳಿಯದೆ ಒಂದು ದಿನ ಎಕ್ಸ್-ರೇ ತೆಗೆಸಿದಾಗ ರೋಗವು ಮೂಳೆಯನ್ನು ಸೇರಿಯಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಸಾತ್ವಿಕ ಆಹಾರ, ವ್ರತನಿಯಮ, ದುಶ್ಚಟಗಳಿಲ್ಲದ ಜೀವನ ಹೃದಯಕ್ಕೂ ಮನಸ್ಸಿಗೂ ಹಿತಕರ. ಆದರೆ ಅವು ಈ ರೋಗದ ವಿರುದ್ಧ ಕವಚವಲ್ಲ. ಇದರ ಮುಖ್ಯ ಕಾರಣಗಳು ವಯಸ್ಸು ಮತ್ತು ವಂಶ. ಸಜ್ಜನರಿಗೂ ಬರುತ್ತದೆ, ಬಂದರೆ ಅದು ಯಾವ ಪಾಪದ ಗುರುತೂ ಅಲ್ಲ. ಇನ್ನೊಂದು, ಆ ಹಿರಿಯರು ಮಡಿ ಕೆಡಬಾರದೆಂದು ವೈದ್ಯರ ಬಳಿಗೆ ಹೋಗಲಿಲ್ಲ. ಮಡಿಯು ಒಂದು ಸ್ನಾನದಿಂದ ಮರಳುತ್ತದೆ. ಕಳೆದುಹೋದ ಕಾಲ ಯಾವ ಸ್ನಾನದಿಂದಲೂ ಮರಳದು.

ಪರೀಕ್ಷೆ ಯಾವುದು, ಅದರ ಮಿತಿ ಏನು?

ಪರೀಕ್ಷೆಗಳು ಎರಡು. ಒಂದು ರಕ್ತಪರೀಕ್ಷೆ, ಇದನ್ನು ಪಿ.ಎಸ್.ಎ. ಎನ್ನುತ್ತಾರೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಮಾತ್ರ ಹೆಚ್ಚಾಗಿ ತಯಾರಾಗುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಇದು ಅಳೆಯುತ್ತದೆ. ಅಮೆರಿಕದಲ್ಲಿ 1986ರಲ್ಲಿ ಚಿಕಿತ್ಸೆಯ ನಂತರದ ನಿಗಾಕ್ಕಾಗಿಯೂ, 1994ರಲ್ಲಿ ರೋಗಪತ್ತೆಗೆ ಸಹಾಯಕವಾಗಿಯೂ ಇದಕ್ಕೆ ಅನುಮತಿ ದೊರೆಯಿತು. ಈಗ ನಮ್ಮ ಬೀದಿಯ ಪ್ರಯೋಗಾಲಯಗಳಲ್ಲಿಯೂ ಕೆಲವು ನೂರು ರೂಪಾಯಿಗಳಿಗೆ ಆಗುತ್ತದೆ. ಇದಕ್ಕೆ ಉಪವಾಸ ಬೇಕಿಲ್ಲ. ಇನ್ನೊಂದು, ವೈದ್ಯರು ಕೈಗವಸು ಧರಿಸಿ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವುದು. ರೋಗವು ಹಿಂಭಾಗದಲ್ಲಿ ಹುಟ್ಟುವುದರಿಂದ ಗಂಟು ಅಥವಾ ಗಡಸುತನ ಇದ್ದರೆ ಬೆರಳಿಗೆ ತಿಳಿಯಬಹುದು. ಇದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ.

ಪಿ.ಎಸ್.ಎ. ಪ್ರಮಾಣವು ಮಿಲಿಲೀಟರಿಗೆ 4 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಮುಂದಿನ ವಿಚಾರಣೆ ಅಗತ್ಯವೆಂದು ಬಹುಕಾಲದಿಂದ ರೂಢಿಯಾಗಿದೆ. ಆದರೆ ಈ ಸಂಖ್ಯೆ ತೀರ್ಪಲ್ಲ, ದೂರದ ಸಿಗ್ನಲ್ ಮಾತ್ರ. ಸಾಮಾನ್ಯ ಊತದಿಂದಲೂ, ಮೂತ್ರದ ಸೋಂಕಿನಿಂದಲೂ, ನಳಿಕೆ ಹಾಕಿದ್ದರಿಂದಲೂ ಅದು ಏರಬಹುದು. ಗ್ರಂಥಿಯ ಊತಕ್ಕೆಂದು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸುತ್ತಿರುವವರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದು ತೋರಬಹುದು. ಆದುದರಿಂದ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸಂಖ್ಯೆ ಹೆಚ್ಚಿದ್ದರೆ ಮೊದಲು ಪುನಃ ಪರೀಕ್ಷೆ, ಅನಂತರ ಎಂ.ಆರ್.ಐ., ಅಗತ್ಯವಿದ್ದರೆ ಮಾತ್ರ ಸೂಜಿಯಿಂದ ಸಣ್ಣ ತುಣುಕುಗಳನ್ನು ತೆಗೆದು ನೋಡುವ ಬಯಾಪ್ಸಿ. ಕ್ಯಾನ್ಸರ್ ಇದೆಯೆಂದು ಖಚಿತವಾಗಿ ಹೇಳುವುದು ಬಯಾಪ್ಸಿಯೇ. ರೋಗದ ಉಗ್ರತೆಯನ್ನು ಗ್ಲೀಸನ್ ಅಂಕದಿಂದ ಅಳೆಯುತ್ತಾರೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಪರೀಕ್ಷೆಯನ್ನು ಕುರಿತು ವೈದ್ಯಲೋಕದಲ್ಲಿಯೇ ದೀರ್ಘ ಚರ್ಚೆ ನಡೆದಿದೆ. ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಕೆಲವು ಬಹಳ ನಿಧಾನವಾಗಿ ಬೆಳೆಯುತ್ತವೆ. ಮನುಷ್ಯನ ಆಯುಷ್ಯ ಮುಗಿದರೂ ಅವು ತೊಂದರೆ ಕೊಡುವುದಿಲ್ಲ. ಅಂತಹವುಗಳನ್ನೂ ಹುಡುಕಿ ಶಸ್ತ್ರಚಿಕಿತ್ಸೆ ಮಾಡಿದರೆ ಮೂತ್ರದ ಮೇಲಿನ ಹತೋಟಿ ತಪ್ಪುವಂತಹ ಕಷ್ಟಗಳು ಅನವಶ್ಯಕವಾಗಿ ಬರುತ್ತವೆ. ಈ ಕಾರಣದಿಂದ ಅಮೆರಿಕದ ತಜ್ಞರ ಕಾರ್ಯಪಡೆಯು 2012ರಲ್ಲಿ ಈ ಪರೀಕ್ಷೆಯೇ ಬೇಡವೆಂದಿತು. 2018ರಲ್ಲಿ ಅದನ್ನು ತಿದ್ದಿ, 55ರಿಂದ 69 ವರ್ಷದವರು ವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸಬೇಕೆಂದಿತು. ಎಪ್ಪತ್ತು ದಾಟಿದವರಿಗೆ ಸಾಮೂಹಿಕವಾಗಿ ಬೇಡವೆಂಬುದು ಅದರ ಅಭಿಪ್ರಾಯ.

ಯುರೋಪಿನ ಎಂಟು ದೇಶಗಳಲ್ಲಿ 1,60,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ದೀರ್ಘ ಅಧ್ಯಯನವೊಂದರ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಆಹ್ವಾನಿತರಾದವರಲ್ಲಿ ಈ ರೋಗದಿಂದಾದ ಸಾವು ಶೇಕಡಾ 13ರಷ್ಟು ಕಡಿಮೆಯಾಗಿತ್ತು. ಅಂದರೆ 456 ಮಂದಿಯನ್ನು ಪರೀಕ್ಷೆಗೆ ಕರೆದಾಗ ಒಬ್ಬರ ಸಾವು ತಪ್ಪಿದಂತಾಯಿತು. ಲೆಕ್ಕದಲ್ಲಿ ಇದು ಚಿಕ್ಕದಾಗಿ ಕಾಣಬಹುದು. ಆದರೆ ಆರಾಧನೆಯ ದಿನ ಪಂಕ್ತಿಯಲ್ಲಿ ಕುಳಿತ 456 ಮಂದಿ ಗಂಡಸರನ್ನು ಮನಸ್ಸಿನಲ್ಲಿ ತಂದುಕೊಂಡರೆ, ಆ ಒಂದು ಎಲೆಯ ಮುಂದೆ ಕುಳಿತವರು ಯಾರದೋ ತಂದೆ.

ಅತಿಚಿಕಿತ್ಸೆಯ ಭಯಕ್ಕೂ ಈಗ ಪರಿಹಾರವಿದೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ನಿಗಾ ಮಾತ್ರ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ ಚಿಕಿತ್ಸೆಯೆಂದು ನಿಗದಿಪಡಿಸಲಾಯಿತು. 2023ರಲ್ಲಿ ಪ್ರಕಟವಾದ 15 ವರ್ಷಗಳ ಫಲಿತಾಂಶದಂತೆ ಮೂರೂ ಗುಂಪುಗಳಲ್ಲಿ ಈ ರೋಗದಿಂದ ತೀರಿಕೊಂಡವರು ಸುಮಾರು ಶೇಕಡಾ 3 ಮಾತ್ರ. ಅಂದರೆ ಬೇಗ ಪತ್ತೆಯಾದ ರೋಗಿಗೆ ಯೋಚಿಸಿ ನಿರ್ಧರಿಸುವಷ್ಟು ಕಾಲವಿರುತ್ತದೆ, ಆಯ್ಕೆಗಳಿರುತ್ತವೆ. ಸೌಮ್ಯ ಬಗೆಯದಾದರೆ ಆಗಾಗ ಪರೀಕ್ಷಿಸುತ್ತಾ ನಿಗಾ ಇಟ್ಟರೂ ಸಾಕು. ತಡವಾಗಿ ಬಂದವರಿಗೆ ಈ ಆಯ್ಕೆಗಳು ಇರುವುದಿಲ್ಲ. ಮೂಳೆಗೆ ಹಬ್ಬಿದ ರೋಗವನ್ನು ಹಾರ್ಮೋನ್ ಚಿಕಿತ್ಸೆಯಿಂದ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು, ಸಾಮಾನ್ಯವಾಗಿ ನಿರ್ಮೂಲ ಮಾಡಲಾಗದು. ಅಮೆರಿಕದ ಅಂಕಿ ಅಂಶಗಳಂತೆ ಗ್ರಂಥಿಯೊಳಗೇ ಇರುವಾಗ ಪತ್ತೆಯಾದವರಲ್ಲಿ ಬಹುತೇಕ ಎಲ್ಲರೂ ಐದು ವರ್ಷ ದಾಟುತ್ತಾರೆ. ದೂರ ಹಬ್ಬಿದ ಮೇಲೆ ಪತ್ತೆಯಾದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ.

ಉನ್ನತ ಪದವಿಯಾಗಲಿ, ಶ್ರೇಷ್ಠ ವೈದ್ಯರಾಗಲಿ ಇದರಿಂದ ರಕ್ಷಣೆ ನೀಡಲಾರರು. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರಿಗೆ ಮೂಳೆಗೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು 2025ರ ಮೇ ತಿಂಗಳಲ್ಲಿ, ಅವರ 82ನೆಯ ವಯಸ್ಸಿನಲ್ಲಿ, ಪ್ರಕಟವಾಯಿತು. ಅವರ ಕೊನೆಯ ಪಿ.ಎಸ್.ಎ. ಪರೀಕ್ಷೆ ನಡೆದದ್ದು 2014ರಲ್ಲಿ ಎಂದು ಅವರ ಕಡೆಯವರು ತಿಳಿಸಿದರು.

ಯಾರು, ಯಾವಾಗ?

ಐವತ್ತು ತುಂಬಿದ ಪ್ರತಿಯೊಬ್ಬ ಗಂಡಸೂ ಒಮ್ಮೆ ವೈದ್ಯರೊಂದಿಗೆ ಈ ವಿಷಯವನ್ನು ಪ್ರಸ್ತಾಪಿಸಬೇಕು. ತಂದೆಗೆ ಅಥವಾ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿ. ಅಂತಹವರು ನಲವತ್ತೈದರಲ್ಲಿಯೇ ವಿಚಾರಿಸಬೇಕು. ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಕೆಲವು ಜೀನ್ ದೋಷಗಳು ಎರಡಕ್ಕೂ ಕಾರಣವಾಗುತ್ತವೆ. ಮುಂದಿನ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಮೊದಲ ಫಲಿತಾಂಶ ನೋಡಿ ವೈದ್ಯರು ಹೇಳುತ್ತಾರೆ. ಎಪ್ಪತ್ತು ದಾಟಿದವರು ತಮ್ಮ ಒಟ್ಟು ಆರೋಗ್ಯವನ್ನು ನೋಡಿಕೊಂಡು ವೈದ್ಯರ ಸಲಹೆಯಂತೆ ನಡೆಯಬೇಕು. ಮೂತ್ರದ ತೊಂದರೆ, ರಕ್ತ, ಕಾರಣವಿಲ್ಲದ ಮೂಳೆನೋವು ಇದ್ದವರಿಗಾದರೋ ವಯಸ್ಸಿನ ಲೆಕ್ಕವೇ ಇಲ್ಲ, ಕೂಡಲೇ ಹೋಗಬೇಕು.

ಇಲ್ಲಿ ನಮ್ಮ ಸಂಪ್ರದಾಯದಿಂದಲೇ ಒಂದು ಅನುಕೂಲವಿದೆ. ಶ್ರಾದ್ಧದಲ್ಲಿಯೂ ತರ್ಪಣದಲ್ಲಿಯೂ ಪಿತೃ, ಪಿತಾಮಹ, ಪ್ರಪಿತಾಮಹ ಎಂದು ಮೂರು ತಲೆಮಾರಿನವರನ್ನು ಗೋತ್ರನಾಮಸಹಿತ ಸ್ಮರಿಸುತ್ತೇವೆ. ತಾಯಿಯ ಕಡೆಯವರನ್ನೂ ಸ್ಮರಿಸುತ್ತೇವೆ. ಹೆಸರುಗಳು ಕಂಠಸ್ಥವಾಗಿವೆ. ಆದರೆ ಆ ಹಿರಿಯರು ಯಾವ ರೋಗದಿಂದ ತೀರಿಕೊಂಡರೆಂದು ಕೇಳಿದರೆ ಬಹುಮಂದಿಗೆ ಉತ್ತರ ತಿಳಿಯದು. ಪಕ್ಷಮಾಸದಲ್ಲಿ ಬಂಧುಗಳೆಲ್ಲ ಸೇರಿದಾಗ ಮನೆಯ ಹಿರಿಯ ಮುತ್ತೈದೆಯರನ್ನೂ ಅಜ್ಜಿಯರನ್ನೂ ಕೇಳಿ, ಮೂರು ತಲೆಮಾರಿನವರ ವಯಸ್ಸು ಮತ್ತು ವ್ಯಾಧಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ, ಅದು ಮೊಮ್ಮಕ್ಕಳಿಗೆ ಕೊಡುವ ಅಮೂಲ್ಯ ಆಸ್ತಿಯಾದೀತು.

ಚೆನ್ನೈ ನಗರ ಕಲಿಸಿದ ಪಾಠ

ಚೆನ್ನೈನಲ್ಲಿ ವಾಸಿಸುವವರಿಗೆ ಈ ವಿಷಯದಲ್ಲಿ ವಿಶೇಷ ಭಾಗ್ಯವಿದೆ. ಅಡೆಯಾರಿನ ಕ್ಯಾನ್ಸರ್ ಸಂಸ್ಥೆಯ ಮೂಲದಲ್ಲಿರುವುದೇ ತಡವಾದ ರೋಗಪತ್ತೆಯ ದುಃಖ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಸೋದರಿ 1923ರಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ರೋಗದ ನಿಜಸ್ವರೂಪ ಸಕಾಲದಲ್ಲಿ ತಿಳಿದಿರಲಿಲ್ಲ. ಆ ದುಃಖವನ್ನು ಮುತ್ತುಲಕ್ಷ್ಮಿಯವರು ಸಂಕಲ್ಪವನ್ನಾಗಿ ಮಾಡಿಕೊಂಡರು. ಮೂರು ದಶಕಗಳ ಪ್ರಯತ್ನದ ನಂತರ 1952ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಶಂಕುಸ್ಥಾಪನೆಯಾಗಿ, 1954ರ ಜೂನ್ 18ರಂದು ಕೇವಲ 12 ಹಾಸಿಗೆಗಳೊಂದಿಗೆ ಆಸ್ಪತ್ರೆ ಆರಂಭವಾಯಿತು. ಅವರ ಪುತ್ರ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಅದನ್ನು ಬೆಳೆಸಿದರು. 1955ರಲ್ಲಿ ಸೇರಿದ ಶಾಂತಾ ಅವರು 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯನ್ನೇ ಮನೆಯಾಗಿಸಿಕೊಂಡಿದ್ದರು.

1980ರ ದಶಕದ ಆರಂಭದಿಂದ ಮದರಾಸಿನ ಕ್ಯಾನ್ಸರ್ ರೋಗಿಗಳ ದಾಖಲಾತಿಯನ್ನು ಈ ಸಂಸ್ಥೆಯೂ, ಬೆಂಗಳೂರಿನದನ್ನು ಕಿದ್ವಾಯಿ ಸಂಸ್ಥೆಯೂ ನಡೆಸಿಕೊಂಡು ಬಂದಿವೆ. ಹಿಂದೆ ವಿರಳವೆನಿಸಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಇಂತಹ ಮಹಾನಗರಗಳಲ್ಲಿ ಇಂದು ಗಂಡಸರ ಪ್ರಮುಖ ಕ್ಯಾನ್ಸರುಗಳಲ್ಲಿ ಒಂದಾಗಿದೆ. ಜನರು ಹೆಚ್ಚು ಕಾಲ ಬದುಕುತ್ತಿರುವುದೂ ಇದಕ್ಕೆ ಕಾರಣ. ಜಗತ್ತಿನಲ್ಲಿ 2020ರಲ್ಲಿ 14 ಲಕ್ಷದಷ್ಟಿದ್ದ ಹೊಸ ರೋಗಿಗಳ ಸಂಖ್ಯೆ 2040ರ ವೇಳೆಗೆ 29 ಲಕ್ಷಕ್ಕೆ ಏರುವುದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜು ಮಾಡಿದೆ. ಅಡೆಯಾರಿನ ಸಂಸ್ಥೆ, ಸೆಂಟ್ರಲ್ ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ, ರೈಲ್ವೆಯಿಂದ ನಿವೃತ್ತರಾದವರಿಗೆ ಪೆರಂಬೂರಿನ ರೈಲ್ವೆ ಆಸ್ಪತ್ರೆ, ಇವೆಲ್ಲವೂ ಇದೇ ನಗರದಲ್ಲಿವೆ. ಬಾಗಿಲು ಸಮೀಪದಲ್ಲಿದೆ, ತಟ್ಟುವ ಮನಸ್ಸು ಬೇಕು.

ಸಂಕೋಚವನ್ನು ದಾಟುವ ಬಗೆ

ಹರಿಕಥಾಮೃತಸಾರವನ್ನು ಕೊಟ್ಟ ಶ್ರೀ ಜಗನ್ನಾಥದಾಸರ ಚರಿತ್ರೆ ಎಲ್ಲರಿಗೂ ತಿಳಿದದ್ದೇ. ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆನಿಸಿದ್ದ ಅವರು ತೀವ್ರ ವ್ಯಾಧಿಯಿಂದ ಬಳಲಿದರು. ಶ್ರೀ ವಿಜಯದಾಸರ ಬಳಿಗೆ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಹೋಗಬೇಕಾದರೆ ಅವರು ಮೊದಲು ಪಾಂಡಿತ್ಯದ ಅಭಿಮಾನವನ್ನು ಕಳಚಬೇಕಾಯಿತು. ಅದನ್ನು ಕಳಚಿ ಬಂದ ಮೇಲೆ ಶ್ರೀ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಆ ನಲವತ್ತು ವರ್ಷಗಳ ಫಲವೇ ಇಂದು ಮನೆಮನೆಯಲ್ಲಿ ಪಾರಾಯಣವಾಗುತ್ತಿರುವ ಮಹಾಗ್ರಂಥ. ಮಹಾತ್ಮರ ಚರಿತ್ರೆಯನ್ನು ರಕ್ತಪರೀಕ್ಷೆಯೊಂದಿಗೆ ಹೋಲಿಸುವ ಉದ್ದೇಶವಿಲ್ಲ. ಆದರೆ ತನ್ನ ವ್ಯಾಧಿಯನ್ನು ಯೋಗ್ಯರ ಮುಂದೆ ಬಾಯಿಬಿಟ್ಟು ಹೇಳಿದಾಗಲೇ ಆಯುಷ್ಯದ ದಾರಿ ತೆರೆಯಿತೆಂಬ ಪಾಠ ಎಲ್ಲ ಕಾಲಕ್ಕೂ ಸಲ್ಲುತ್ತದೆ.

“ಪ್ರಾರಬ್ಧವನ್ನು ಅನುಭವಿಸಲೇಬೇಕು, ವೈದ್ಯರೇನು ಮಾಡಿಯಾರು?” ಎಂದು ಕೆಲವರು ಕೇಳುವುದುಂಟು. ಆದರೆ ಹಸಿವಾದಾಗ ಪ್ರಾರಬ್ಧವೆಂದು ಯಾರೂ ಸುಮ್ಮನಿರುವುದಿಲ್ಲ. ಧನ್ವಂತರಿಯ ರೂಪದಿಂದ ಅವತರಿಸಿದ ಸ್ವಾಮಿಯೇ ವೈದ್ಯರಲ್ಲಿಯೂ ಔಷಧದಲ್ಲಿಯೂ ಅಂತರ್ಯಾಮಿಯಾಗಿ ನಿಂತು ಕೆಲಸ ಮಾಡಿಸುತ್ತಾನೆಂಬುದು ಆಸ್ತಿಕರ ನಂಬಿಕೆ. ವಿಜಯದಾಸರ ಧನ್ವಂತರಿ ಸುಳಾದಿಯ ಪಾರಾಯಣವೂ ನಡೆಯಲಿ, ಪರೀಕ್ಷೆಯೂ ನಡೆಯಲಿ; ಎರಡಕ್ಕೂ ವಿರೋಧವಿಲ್ಲ.

ಸಭೆಯಲ್ಲಿರುವ ಮಾತೆಯರಲ್ಲಿ ವಿಶೇಷ ವಿನಂತಿ. ಯಜಮಾನರು ರಾತ್ರಿ ಎಷ್ಟು ಸಲ ಏಳುತ್ತಾರೆಂಬುದು ವೈದ್ಯರಿಗಿಂತ ಮೊದಲು ತಿಳಿಯುವುದು ಮನೆಯಾಕೆಗೆ. “ವಯಸ್ಸಾಯಿತು” ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಗಂಡುಮಕ್ಕಳು ತಂದೆಗೆ ಉಪದೇಶ ಮಾಡುವ ಬದಲು, “ಅಪ್ಪಾ, ನನಗೂ ಐವತ್ತಾಗುತ್ತಾ ಬಂತು, ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಂಡು ಬರೋಣ” ಎಂದರೆ ಅರ್ಧ ಸಂಕೋಚ ಅಲ್ಲಿಯೇ ಕರಗುತ್ತದೆ. ಮುಂದಿನ ಷಷ್ಟ್ಯಬ್ದಪೂರ್ತಿಗೆ ಮುಹೂರ್ತ ನಿಶ್ಚಯಿಸುವಾಗ, ಸಾಮಗ್ರಿಗಳ ಪಟ್ಟಿಯ ಮೊದಲ ಸಾಲಿನಲ್ಲಿ ಈ ಪರೀಕ್ಷೆಯನ್ನೂ ಬರೆದುಕೊಳ್ಳಿ.

ದೇಹವು ಸಾಧನೆಗಾಗಿ ಶ್ರೀಹರಿಯು ಕೊಟ್ಟ ಉಪಕರಣ. ಅದು ಅವನ ಸೊತ್ತು. ಜೋಪಾನ ಮಾಡುವುದು ಮಾತ್ರ ನಮ್ಮ ಪಾಲಿನ ಸೇವೆ. ಸಮಸ್ತ ಭಕ್ತರಿಗೂ ಶ್ರೀಹರಿವಾಯುಗುರುಗಳು ಆಯುರಾರೋಗ್ಯವನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತಾ ಈ ಉಪನ್ಯಾಸವನ್ನು ಮುಗಿಸಲಾಗಿದೆ.

॥ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥